ಹಾಡುಗಳ ಕಣಜ: ಸುಕ್ರಿ ಬೊಮ್ಮಗೌಡ

ಮನುಷ್ಯನ ದುಡಿಮೆಗೂ ಹಾಡಿಗೂ ಇರುವ ನಂಟು ಬಹು ಹಳೆಯದು. ಬೀಸುಕಲ್ಲಿನ ಮುಂದೆ ಕುಳಿತವರು ಬೀಸುವ ಪದ ಹಾಡಿದರು. ಒರಳಿನ ಮುಂದೆ ನಿಂತವರು ಕುಟ್ಟುವ ಪದ ಹಾಡಿದರು. ತೊಟ್ಟಿಲು ತೂಗಿದವರು ಜೋಗುಳ ಹಾಡಿದರು. ಹಿಟ್ಟಿನ ಗಿರಣಿ ಬರುವುದಕ್ಕೆ ಮೊದಲು ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಾಗುತ್ತಿದ್ದುದೇ ಬೀಸುಕಲ್ಲಿನ ಸದ್ದಿನಿಂದ, ಆ ಸದ್ದಿನೊಡನೆ ಕೂಡಿಬರುತ್ತಿದ್ದ ಹೆಂಗಸರ ಹಾಡಿನಿಂದ. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಭಾಷೆಗಳು ನೆರೆಹೊರೆಯಾಗಿ ಬಾಳುವ ಬೀದರ ಜಿಲ್ಲೆಯಲ್ಲಿ ಹಾಡುಗಳಿಗೂ ಹಲವು ಬಣ್ಣ. ಮದುವೆಯ ಸೋಬಾನೆ ಪದ, ಹೆಣ್ಣುಮಕ್ಕಳ ಬುಲಾಯಿ ಪದ, ಮೊಹರಮ್ಮಿನ ಪದ, ತಾಂಡಾಗಳ ಲಂಬಾಣಿ ಹಾಡು, ಏಕತಾರಿ ಮೀಟಿ ಹಾಡುವ ತತ್ತ್ವಪದ, ಇವೆಲ್ಲ ಈ ನೆಲದ ಸಂಪತ್ತು.

ಹಾಡು ದುಡಿಮೆಯ ದಣಿವನ್ನು ಮರೆಸುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯುತ್ತದೆಯೇ? ಹನ್ನೆರಡನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಲ್ಯಾಣದಲ್ಲಿ ಒಂದುಗೂಡಿದ ಶರಣರು ಬಗೆಬಗೆಯ ಕಾಯಕದವರು. ದೋಣಿ ನಡೆಸುವವರು, ನೂಲು ತೆಗೆಯುವವರು, ಸೌದೆ ಮಾರುವವರು ಅವರಲ್ಲಿದ್ದರು. ಅವರು ಆಡಿದ ವಚನಗಳು ಜನರ ಬಾಯಲ್ಲಿ ಹಾಡಾಗಿ ಉಳಿದವು. ಉಳಿದುದು ಮಾತ್ರವಲ್ಲ, ಮೇಲುಕೀಳಿನ ಭಾವನೆಯನ್ನು ಪ್ರಶ್ನಿಸುವ ಧೈರ್ಯವನ್ನೂ ಜನರಿಗೆ ಕೊಟ್ಟವು. ಹಾಡು ಸಮಾಜದ ನೋವಿಗೆ ದನಿಯಾಗಬಲ್ಲದು, ತಪ್ಪನ್ನು ತಪ್ಪೆಂದು ಎತ್ತಿ ಹೇಳಬಲ್ಲದು ಎಂಬುದಕ್ಕೆ ನಮ್ಮ ನೆಲದಲ್ಲಿಯೇ ಇಂತಹ ಪರಂಪರೆಯಿದೆ. ಇತರ ದೇಶಗಳಲ್ಲಿಯೂ ಇದಕ್ಕೆ ನಿದರ್ಶನಗಳಿವೆ.

ಆಫ್ರಿಕ ಖಂಡದ ಹೆಸರು ಬೀದರಿಗೆ ಹೊಸದೇನಲ್ಲ. ಬಹಮನಿ ಸುಲ್ತಾನರ ಆಳ್ವಿಕೆಯಲ್ಲಿ ಆಫ್ರಿಕದಿಂದ ಬಂದ ಹಬಶಿ ಸರದಾರರು ಇಲ್ಲಿ ದೊಡ್ಡ ಪದವಿಗಳನ್ನು ಪಡೆದಿದ್ದರು. ಬೀದರ ನಗರದ ಪೂರ್ವಕ್ಕಿರುವ ಗುಡ್ಡವನ್ನು ಇಂದಿಗೂ ಹಬಶಿ ಕೋಟೆಂದು ಕರೆಯುತ್ತಾರೆ; ಅವರ ಗೋರಿಗಳು ಅಲ್ಲಿವೆ. ಅದೇ ಖಂಡದ ದಕ್ಷಿಣ ತುದಿಯ ದೇಶದಲ್ಲಿ, ಜೊಹಾನ್ಸ್‌ಬರ್ಗ್ ನಗರದಲ್ಲಿ, ೧೯೩೨ರಲ್ಲಿ ಮಿರಿಯಂ ಮಕೇಬಾ ಎಂಬ ಗಾಯಕಿ ಹುಟ್ಟಿದರು. ಅಲ್ಲಿನ ಬಿಳಿಯರ ಸರ್ಕಾರ ಕರಿಯ ಜನರನ್ನು ಅವರದೇ ನಾಡಿನಲ್ಲಿ ಪರಕೀಯರಂತೆ ನಡೆಸಿಕೊಳ್ಳುತ್ತಿತ್ತು. ವಿದೇಶದಲ್ಲಿ ಹಾಡಿ ಹೆಸರು ಪಡೆದ ಮಕೇಬಾ ೧೯೬೦ರಲ್ಲಿ ತಾಯಿಯ ಅಂತ್ಯಕ್ರಿಯೆಗೆಂದು ಊರಿಗೆ ಹೊರಟಾಗ, ಅವರ ಪಾಸ್‌ಪೋರ್ಟು ರದ್ದಾಗಿರುವುದು ತಿಳಿಯಿತು. ೧೯೬೩ರಲ್ಲಿ ಅವರು ವಿಶ್ವಸಂಸ್ಥೆಯ ಮುಂದೆ ನಿಂತು ತಮ್ಮ ಜನರ ಬವಣೆಯನ್ನು ವಿವರಿಸಿದರು. ತಾಯ್ನಾಡಿನ ಸರ್ಕಾರ ಅವರ ಹಾಡುಗಳನ್ನೇ ನಿಷೇಧಿಸಿತು. ನೆಲ್ಸನ್ ಮಂಡೇಲಾ ಸೆರೆಯಿಂದ ಬಿಡುಗಡೆಯಾದ ೧೯೯೦ರಲ್ಲಿಯೇ ಅವರಿಗೆ ಮತ್ತೆ ತಾಯ್ನೆಲದ ದರ್ಶನವಾಯಿತು. ೨೦೦೮ರ ನವೆಂಬರಿನಲ್ಲಿ, ಇಟಲಿಯಲ್ಲಿ ಒಂದು ಹಾಡುಗಾರಿಕೆ ಮುಗಿಸಿ ವೇದಿಕೆಯಿಂದ ಇಳಿದ ಬಳಿಕ, ಅವರು ಕೊನೆಯುಸಿರೆಳೆದರು.

ಇಷ್ಟು ದೂರದ ಉದಾಹರಣೆಯನ್ನು ಕೇಳಿದಾಗ, ಹಾಡನ್ನೂ ಹೋರಾಟವನ್ನೂ ಹೀಗೆ ಒಂದಾಗಿಸಿಕೊಂಡವರು ನಮ್ಮ ನಾಡಿನಲ್ಲಿ ಇಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಇದ್ದಾರೆ. ಅವರು ವಿದೇಶಗಳನ್ನು ಸುತ್ತಿದವರಲ್ಲ. ಶಾಲೆಯ ಮೆಟ್ಟಿಲನ್ನು ಹತ್ತಿದವರೂ ಅಲ್ಲ. ಅವರೇ ಉತ್ತರ ಕನ್ನಡ ಜಿಲ್ಲೆಯ ಸುಕ್ರಿ ಬೊಮ್ಮಗೌಡ. ಜನರ ಪ್ರೀತಿಯ ಸುಕ್ರಜ್ಜಿ.

ಬೀದರ ಕರ್ನಾಟಕದ ಈಶಾನ್ಯ ಮೂಲೆಯಾದರೆ ಉತ್ತರ ಕನ್ನಡ ಪಡುವಣ ಕಡಲಿನ ಅಂಚು. ಇಲ್ಲಿ ಬಯಲು, ಜೋಳ, ತೊಗರಿ. ಅಲ್ಲಿ ಗುಡ್ಡ, ಗದ್ದೆ, ಭತ್ತ, ತೆಂಗು. ಆ ಜಿಲ್ಲೆಯ ಕರಾವಳಿಯಲ್ಲಿ ಅಂಕೋಲೆ ಎಂಬ ತಾಲ್ಲೂಕು ಕೇಂದ್ರವಿದೆ. ೧೯೩೦ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಮುಖ್ಯ ರಂಗಭೂಮಿಯಾದದ್ದು ಈ ಅಂಕೋಲೆಯೇ. ಮುಂದೆ ಕರನಿರಾಕರಣೆಯ ಹೋರಾಟದಲ್ಲಿ ಅಲ್ಲಿಯ ರೈತರು ಹೊಲಮನೆಗಳನ್ನು ಕಳೆದುಕೊಂಡರೂ ಹಿಂಜರಿಯಲಿಲ್ಲ. ಅನ್ಯಾಯಕ್ಕೆ ತಲೆಬಾಗದ ಇಂತಹ ನೆಲದ ಬಡಗೇರಿ ಎಂಬ ಪುಟ್ಟ ಹಳ್ಳಿ ಸುಕ್ರಜ್ಜಿಯ ಬಾಳಿನ ನೆಲೆಯಾಯಿತು.

ಸುಕ್ರಜ್ಜಿ ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಹಾಲಕ್ಕಿಗಳು ಕಡಲಿಗೂ ಸಹ್ಯಾದ್ರಿಯ ಕಾಡಿಗೂ ನಡುವೆ, ಕೊಪ್ಪಗಳೆಂದು ಕರೆಯುವ ಪುಟ್ಟ ಕೇರಿಗಳಲ್ಲಿ ಒತ್ತಾಗಿ ಬಾಳುವವರು. ಗೌಡ, ಬುದವಂತ, ಕೋಲಕಾರ ಎಂಬ ಊರ ಹಿರಿಯರು ಅವರ ನ್ಯಾಯ ನೀತಿಗಳನ್ನು ನೋಡಿಕೊಳ್ಳುವುದು ಹಿಂದಿನಿಂದ ಬಂದ ಪದ್ಧತಿ. ಅನ್ಯರ ಗದ್ದೆಗಳಲ್ಲಿ ದುಡಿಯುವುದು, ತರಕಾರಿ ಬೆಳೆದು ಸಂತೆಗೆ ಒಯ್ಯುವುದು, ಕಾಡಿನಿಂದ ಸೌದೆ, ಸೊಪ್ಪು ತರುವುದು ಅವರ ಜೀವನೋಪಾಯ. ಕುಪ್ಪಸವಿಲ್ಲದೆ ಹೆಗಲ ಮೇಲೆ ಗಂಟು ಬರುವಂತೆ ಉಟ್ಟ ಸೀರೆ, ಕತ್ತು ತುಂಬಿ ಎದೆಯವರೆಗೆ ಇಳಿಬಿದ್ದ ಮಣಿಸರಗಳ ರಾಶಿ, ಇದು ಹಿರಿಯ ಹಾಲಕ್ಕಿ ಹೆಂಗಸರ ಉಡುಗೆ. ಸುಕ್ರಜ್ಜಿ ದೊಡ್ಡ ದೊಡ್ಡ ಸಭೆಗಳಿಗೆ ಹೋದಾಗಲೂ ಈ ಉಡುಗೆಯನ್ನು ಬಿಡಲಿಲ್ಲ.

ಹಾಲಕ್ಕಿಗಳ ಬದುಕು ಹಾಡಿನಲ್ಲಿಯೇ ಅದ್ದಿದಂತಿದೆ. ಸುಗ್ಗಿಯ ಕಾಲದಲ್ಲಿ ಗಂಡಸರು ಬಣ್ಣದ ತುರಾಯಿ ಧರಿಸಿ ಮನೆಮನೆಯ ಅಂಗಳದಲ್ಲಿ ಕುಣಿಯುತ್ತಾರೆ. ಮಣ್ಣಿನ ಮಡಕೆಯ ಬಾಯಿಗೆ ಚರ್ಮ ಬಿಗಿದು ಮಾಡಿದ ಗುಮಟೆ ಎಂಬ ವಾದ್ಯ ಅವರ ತಾಳಕ್ಕೆ ಜೊತೆ. ಹೆಂಗಸರಿಗೆ ತಾರ್ಲೆ, ಪುಗಡಿ ಎಂಬ ಕುಣಿತಗಳಿವೆ. ಗದ್ದೆಯಲ್ಲಿ ಸಸಿ ನೆಡುವಾಗ ಒಂದು ಬಗೆಯ ಹಾಡು, ಮದುಮಗಳನ್ನು ಕಳುಹಿಸುವಾಗ ಮತ್ತೊಂದು. ಮಗು ಹುಟ್ಟಿದಾಗ ಒಂದು, ಮನೆಗೆ ಸಾವು ಬಂದಾಗ ಇನ್ನೊಂದು. ರಾಮಾಯಣ, ಮಹಾಭಾರತಗಳ ಪ್ರಸಂಗಗಳೂ ಅವರ ಬಾಯಲ್ಲಿ ಹೊಸ ರೂಪ ತಾಳುತ್ತವೆ. ಈ ಹಾಡುಗಳು ಹಾಳೆಯ ಮೇಲೆ ಹುಟ್ಟಿದವಲ್ಲ. ತಾಯಿಯ ಬಾಯಿಂದ ಮಗಳ ಕಿವಿಗೆ, ಅತ್ತೆಯ ಬಾಯಿಂದ ಸೊಸೆಯ ಕಿವಿಗೆ ಹರಿದುಬಂದವು.

ಸುಕ್ರಜ್ಜಿ ಹುಟ್ಟಿದ್ದು ೧೯೩೦ರ ದಶಕದಲ್ಲಿ, ಬಡತನದ ಮನೆಯಲ್ಲಿ. ಅವರಿಗೆ ಹಾಡು ಕಲಿಸಿದ ಮೊದಲ ಗುರು ತಾಯಿಯೇ. ಕೈ ಕೆಲಸದಲ್ಲಿರುತ್ತಿತ್ತು, ಬಾಯಿ ಹಾಡಿನಲ್ಲಿರುತ್ತಿತ್ತು. ಕಲಿಕೆ ಎಂಬುದು ಬೇರೆಯಾಗಿ ಇರಲಿಲ್ಲ. ಆಟವಾಡುವ ವಯಸ್ಸಿನಲ್ಲಿಯೇ, ತಮಗಿಂತ ಬಹಳ ಹಿರಿಯರಾದ ಬೊಮ್ಮಗೌಡರೊಡನೆ ಅವರ ಮದುವೆಯಾಯಿತು. ಹೆಣ್ಣುಮಕ್ಕಳನ್ನು ಎಳೆತನದಲ್ಲಿಯೇ ಮದುವೆ ಮಾಡಿಕೊಡುವುದು ಅಂದಿನ ರೂಢಿ. ಆ ರೂಢಿ ಎಷ್ಟೋ ಬಾಲೆಯರ ಬಾಲ್ಯವನ್ನು ಕಿತ್ತುಕೊಂಡಿತು. ಸುಕ್ರಿಯವರ ದಾಂಪತ್ಯವೂ ಬಹುಕಾಲ ನಿಲ್ಲಲಿಲ್ಲ. ಪತಿ ತೀರಿಕೊಂಡ ಮೇಲೆ ಕೂಲಿನಾಲಿ ಮಾಡಿ ಸಂಸಾರದ ಹೊರೆಯನ್ನು ಅವರೊಬ್ಬರೇ ಹೊತ್ತರು. ದುಃಖ ಮನೆಯೊಳಗೆ ಕಾಲಿಟ್ಟಾಗಲೆಲ್ಲ ಹಾಡು ಅವರಿಗೆ ಊರುಗೋಲಾಯಿತು.

ಓದುಬರಹ ಬಾರದ ಒಬ್ಬರು ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡದ್ದು ಹೇಗೆ? ಪುಸ್ತಕವನ್ನು ನೆಚ್ಚಿದ ನಮಗೆ ಇದು ಅಚ್ಚರಿಯೆನಿಸುತ್ತದೆ. ಆದರೆ ಜನಪದ ಹಾಡಿನ ರಚನೆಯಲ್ಲಿಯೇ ಇದರ ಗುಟ್ಟು ಅಡಗಿದೆ. ಒಬ್ಬರು ಒಂದು ಸಾಲನ್ನು ಎತ್ತಿಕೊಡುತ್ತಾರೆ. ಉಳಿದವರು ಅದನ್ನು ಹಿಂದಿನಿಂದ ಮರಳಿ ಹಾಡುತ್ತಾರೆ. ಈ ನಡುವೆ ಮುಂದಿನ ಸಾಲನ್ನು ನೆನೆದುಕೊಳ್ಳಲು ಎತ್ತಿಕೊಡುವವರಿಗೆ ಬಿಡುವು ದೊರೆಯುತ್ತದೆ. ಒಂದೇ ಮಾತು ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಮತ್ತೆ ಮತ್ತೆ ಬರುವುದರಿಂದ ಕಥೆಯ ಎಳೆ ತಪ್ಪುವುದಿಲ್ಲ. ಇದಲ್ಲದೆ ಪ್ರತಿಯೊಂದು ಹಾಡಿಗೂ ಅದರದೇ ಆದ ಕೆಲಸವಿದೆ, ಹೊತ್ತು ಇದೆ. ಸಸಿ ಕೈಗೆ ಬಂದೊಡನೆ ನಾಟಿಯ ಹಾಡು ತಾನಾಗಿ ನಾಲಿಗೆಗೆ ಬರುತ್ತದೆ. ಹೀಗೆ ಹಾಡಿನ ನೆನಪು ಒಬ್ಬರ ತಲೆಯಲ್ಲಿ ಮಾತ್ರವಲ್ಲ, ಜೊತೆಗೂಡಿ ಹಾಡುವ ಗುಂಪಿನಲ್ಲಿ, ಮಾಡುವ ಕೆಲಸದಲ್ಲಿ, ವರುಷದ ಹಬ್ಬಗಳಲ್ಲಿ ಹಂಚಿಕೊಂಡಿರುತ್ತದೆ. ಕೆಲಸ ನಿಂತರೆ ಹಾಡು ನಿಲ್ಲುತ್ತದೆ. ಗುಂಪು ಚದುರಿದರೆ ನೆನಪು ಚದುರುತ್ತದೆ. ಬೀಸುಕಲ್ಲು ಮೂಲೆ ಸೇರಿದ ಮೇಲೆ ನಮ್ಮ ಹಳ್ಳಿಗಳಲ್ಲಿ ಬೀಸುವ ಪದಗಳು ಮರೆಯಾದುದು ಈ ಕಾರಣದಿಂದಲೇ.

ಸುಕ್ರಜ್ಜಿ ಈ ಅಪಾಯವನ್ನು ತಮ್ಮ ರೀತಿಯಲ್ಲಿ ಅರಿತಿದ್ದರು. ಊರಿನ ಹೆಂಗಸರನ್ನು ಕೂಡಿಸಿಕೊಂಡು ಹಾಡಿದರು, ಕುಣಿದರು, ಕಿರಿಯರಿಗೆ ಕಲಿಸಿದರು. ಕಾರವಾರದ ಆಕಾಶವಾಣಿ ಅವರ ಹಾಡುಗಳನ್ನು ಮುದ್ರಿಸಿಕೊಂಡು ಬಿತ್ತರಿಸಿತು. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮೊದಲಾದ ವಿದ್ವಾಂಸರು ಹಳ್ಳಿಹಳ್ಳಿ ತಿರುಗಿ ಉತ್ತರ ಕನ್ನಡದ ಜನಪದ ಸಾಹಿತ್ಯವನ್ನು ಸಂಗ್ರಹಿಸುತ್ತಿದ್ದ ಕಾಲವದು. ಗದ್ದೆಯ ಬದುವಿನ ಮೇಲಿನ ಹಾಡಿಗೂ ಸಾಹಿತ್ಯದಲ್ಲಿ ಸ್ಥಾನವುಂಟು ಎಂಬ ತಿಳಿವಳಿಕೆ ನಾಡಿನಲ್ಲಿ ಮೂಡುತ್ತಿತ್ತು. ಸುಕ್ರಜ್ಜಿಯ ದನಿ ಬಡಗೇರಿಯನ್ನು ದಾಟಿ ನಾಡಿನ ಉದ್ದಗಲಕ್ಕೂ ಕೇಳಿಸಿತು.

ಇಷ್ಟೇ ಆಗಿದ್ದರೆ ಸುಕ್ರಜ್ಜಿ ಒಳ್ಳೆಯ ಹಾಡುಗಾರ್ತಿ ಎಂಬ ಹೆಸರಿಗೆ ಮಾತ್ರ ಪಾತ್ರರಾಗುತ್ತಿದ್ದರು. ಅವರನ್ನು ಹೋರಾಟಕ್ಕೆ ಎಳೆದದ್ದು ಸಾರಾಯಿ.

ಸಾರಾಯಿಯ ವ್ಯವಹಾರ ನಡೆಯುತ್ತಿದ್ದ ರೀತಿಯನ್ನು ಇಲ್ಲಿ ತಿಳಿದುಕೊಳ್ಳಬೇಕು. ಸಾರಾಯಿ ಮಾರುವ ಹಕ್ಕನ್ನು ಸರ್ಕಾರವೇ ಹರಾಜು ಹಾಕುತ್ತಿತ್ತು. ಹೆಚ್ಚು ಹಣ ಕೊಟ್ಟು ಹಕ್ಕನ್ನು ಹಿಡಿದ ಗುತ್ತಿಗೆದಾರನು ಕೊಟ್ಟ ಹಣವನ್ನು ಲಾಭಸಹಿತ ಮರಳಿ ಪಡೆಯಬೇಕಾದರೆ ಮಾರಾಟ ಹೆಚ್ಚಬೇಕು. ಆದುದರಿಂದ ದುಡಿಯುವ ಜನರ ಕೇರಿಗಳಿಗೇ ಸಾರಾಯಿ ಹೋಗುತ್ತಿತ್ತು. ಪ್ಲಾಸ್ಟಿಕ್ ಪೊಟ್ಟಣಗಳು ಬಂದ ಮೇಲಂತೂ ಅದನ್ನು ಎಲ್ಲಿ ಬೇಕಾದರೂ ಒಯ್ದು ಮಾರುವುದು ಸುಲಭವಾಯಿತು. ಗಂಡಸು ಸಂಜೆ ಪಡೆದ ಕೂಲಿ ಮನೆಗೆ ಬರುವ ಮುನ್ನವೇ ಅಂಗಡಿಯಲ್ಲಿ ಕರಗುತ್ತಿತ್ತು. ಸರ್ಕಾರಕ್ಕೆ ವರಮಾನ, ಗುತ್ತಿಗೆದಾರನಿಗೆ ಲಾಭ. ಹಸಿವು, ಸಾಲ, ಜಗಳ, ಏಟು ಮಾತ್ರ ಹೆಂಗಸರ ಮತ್ತು ಮಕ್ಕಳ ಪಾಲು. ಹಾಲಕ್ಕಿಗಳ ಕೊಪ್ಪಗಳಲ್ಲಿ ಈ ಪಿಡುಗು ಆಳವಾಗಿ ಬೇರುಬಿಟ್ಟಿತ್ತು. ಸುಕ್ರಜ್ಜಿಯ ಮನೆಯೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ತಾವು ಮಗನೆಂದು ಸಾಕಿ ಬೆಳೆಸಿದವನನ್ನು ಅವರು ಕುಡಿತದ ಬಾಯಿಗೆ ಕಳೆದುಕೊಂಡರು.

ಈ ದುಃಖವನ್ನು ಅವರು ಹಣೆಬರಹವೆಂದು ನುಂಗಿಕೊಂಡು ಕೂಡಲಿಲ್ಲ. ತಮ್ಮ ಮನೆಗೆ ಬಂದ ಕೇಡು ನೆರೆಮನೆಗೂ ಬಂದಿದೆ, ಊರೂರಿಗೂ ಬಂದಿದೆ ಎಂಬುದನ್ನು ಕಂಡರು. ಬಡಗೇರಿಯ ಹೆಂಗಸರನ್ನು ಸಂಘಟಿಸಿ ಸಾರಾಯಿಯ ವಿರುದ್ಧ ನಿಂತರು. ಹೊನ್ನಾವರದ ಸಮೀಪದ ಸ್ನೇಹಕುಂಜ ಸಂಸ್ಥೆಯ ವೈದ್ಯೆ, ಸಮಾಜಸೇವಕಿ ಡಾ. ಕುಸುಮಾ ಸೊರಬ ಅವರು ಜಿಲ್ಲೆಯಲ್ಲಿ ಮದ್ಯಪಾನ ವಿರೋಧಿ ಚಳವಳಿಯನ್ನು ಕಟ್ಟಿದಾಗ ಸುಕ್ರಜ್ಜಿ ಅದರಲ್ಲಿ ಕೈಜೋಡಿಸಿದರು. ಓದಿದ ವೈದ್ಯೆಯೂ ಓದದ ಹಾಡುಗಾರ್ತಿಯೂ ಒಂದೇ ಕಾರ್ಯದಲ್ಲಿ ಕೂಡಿ ನಡೆದುದು ನೆನೆಯತಕ್ಕ ಸಂಗತಿ.

ಇಂತಹ ಎಚ್ಚರ ಅಲ್ಲಿ ಮಾತ್ರ ಮೂಡಿದುದಲ್ಲ. ಬೀದರಿನ ಗಡಿಗೆ ಹೊಂದಿದ ಅಂದಿನ ಆಂಧ್ರಪ್ರದೇಶದಲ್ಲಿಯೂ, ನೆಲ್ಲೂರು ಜಿಲ್ಲೆಯ ದೂಬಗುಂಟ ಮೊದಲಾದ ಹಳ್ಳಿಗಳ ಹೆಂಗಸರು ೧೯೯೨ರಲ್ಲಿ ಸಾರಾಯಿಯ ವಿರುದ್ಧ ಎದ್ದರು. ಅವರಿಗೆ ಆ ತಿಳಿವು ಬಂದುದು ರಾತ್ರಿಯ ಅಕ್ಷರಾಭ್ಯಾಸದ ತರಗತಿಯ ಪಾಠವೊಂದರಿಂದ. ಮರುವರ್ಷವೇ ಆ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅಲ್ಲಿ ಅಕ್ಷರ ಮಾಡಿದ ಕೆಲಸವನ್ನು ಬಡಗೇರಿಯಲ್ಲಿ ಹಾಡು ಮಾಡಿತು.

ಸುಕ್ರಜ್ಜಿಯ ಮಾತನ್ನು ಊರಿನವರು ಏಕೆ ಕೇಳಿದರು ಎಂಬುದನ್ನು ವಿಚಾರಿಸಬೇಕು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಹಣವಿರಲಿಲ್ಲ. ಆದರೆ ಊರಿನ ಮದುವೆಗಳಲ್ಲಿ ಸೋಬಾನೆ ಹಾಡಿದವರು ಅವರು. ತೊಟ್ಟಿಲಿಗೆ ಹಾಕುವಾಗ ಹರಸಿ ಹಾಡಿದವರು ಅವರು. ಸಾವಿನ ಮನೆಯಲ್ಲಿ ಜೊತೆಗೂಡಿ ಅತ್ತವರೂ ಅವರೇ. ಜನರ ಸುಖದುಃಖಗಳಲ್ಲಿ ಬೆರೆತವರಿಗೆ ಅವರ ತಪ್ಪನ್ನು ತೋರಿಸುವ ಹಕ್ಕು ತಾನಾಗಿ ಬರುತ್ತದೆ. ಹೊರಗಿನವರು ಬಂದು ಕುಡಿಯಬೇಡಿರೆಂದು ಉಪದೇಶಿಸಿದರೆ ಅದು ಒಂದು ಭಾಷಣ. ತೊಟ್ಟಿಲಲ್ಲಿ ಜೋಗುಳ ಹಾಡಿದ ಅಜ್ಜಿಯೇ ಎದುರು ನಿಂತು ಹೇಳಿದರೆ ಅದು ಮನೆಯ ಮಾತು. ಭಾಷಣಕ್ಕೆ ಕಿವಿ ಮುಚ್ಚಬಹುದು, ಮನೆಯ ಮಾತಿಗೆ ಮುಚ್ಚಲಾಗದು.

ಕರ್ನಾಟಕ ಸರ್ಕಾರ ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಇದು ಯಾರೊಬ್ಬರ ಗೆಲುವೂ ಅಲ್ಲ. ನಾಡಿನ ಹಲವು ಕಡೆಗಳಲ್ಲಿ ಹೋರಾಡಿದ ಹೆಸರಿಲ್ಲದ ಅಸಂಖ್ಯಾತ ಹೆಂಗಸರ ಬೇಡಿಕೆ ಇದರ ಹಿಂದಿತ್ತು. ಸಾರಾಯಿ ಹೋದರೂ ಬೇರೆ ಬಗೆಯ ಮದ್ಯ ಉಳಿಯಿತು. ಆದುದರಿಂದ ಕುಡಿತದ ವಿರುದ್ಧ ಸುಕ್ರಜ್ಜಿಯ ದನಿಯೂ ನಿಲ್ಲಲಿಲ್ಲ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕು, ತಮ್ಮ ಮಕ್ಕಳಿಗೆ ವಿದ್ಯೆ ಉದ್ಯೋಗಗಳ ಬಾಗಿಲು ತೆರೆಯಬೇಕು ಎಂಬ ಬೇಡಿಕೆಯನ್ನೂ ಅವರು ಮುಂದಿಟ್ಟರು. ಅವರು ಬದುಕಿರುವವರೆಗೆ ಆ ಬೇಡಿಕೆ ಈಡೇರಲಿಲ್ಲ.

ಪ್ರಶಸ್ತಿಗಳು ಅವರನ್ನು ಹುಡುಕಿಕೊಂಡು ಬಂದವು. ರಾಜ್ಯೋತ್ಸವ ಪ್ರಶಸ್ತಿ, ಜಾನಪದಶ್ರೀ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಅವರಿಗೆ ದೊರೆತವು. ೨೦೧೭ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರಿಂದ ಆ ಗೌರವವನ್ನು ಪಡೆದ ಸುಕ್ರಜ್ಜಿ ಮರಳಿ ಬಂದುದು ಬಡಗೇರಿಯ ಅದೇ ಮನೆಗೆ, ಅದೇ ಸರಳ ಬಾಳಿಗೆ. ಅವರದೇ ಸಮುದಾಯದ, ಅದೇ ಅಂಕೋಲಾ ತಾಲ್ಲೂಕಿನ ತುಳಸಿ ಗೌಡರಿಗೂ ಮುಂದೆ ಪದ್ಮಶ್ರೀ ಬಂದಿತು. ಒಬ್ಬರು ಗಿಡಗಳನ್ನು ನೆಟ್ಟು ಸಲಹಿದರು. ಇನ್ನೊಬ್ಬರು ಹಾಡುಗಳನ್ನು ಸಲಹಿದರು. ಇಬ್ಬರಿಗೂ ಅಕ್ಷರ ತಿಳಿದಿರಲಿಲ್ಲ. ಇಬ್ಬರಿಂದಲೂ ಅಕ್ಷರಸ್ಥರು ಕಲಿಯಬೇಕಾದುದು ಬಹಳವಿತ್ತು. ತುಳಸಿ ಗೌಡರು ೨೦೨೪ರ ಡಿಸೆಂಬರಿನಲ್ಲಿ ತೀರಿಕೊಂಡರು. ಎರಡು ತಿಂಗಳು ಕಳೆಯುವುದರೊಳಗೆ, ೨೦೨೫ರ ಫೆಬ್ರವರಿ ೧೩ರಂದು, ಸುಕ್ರಜ್ಜಿಯೂ ತಮ್ಮ ಊರಿನಲ್ಲಿಯೇ ಕಣ್ಣುಮುಚ್ಚಿದರು.

ಮಕೇಬಾ ಮತ್ತು ಸುಕ್ರಜ್ಜಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿದವರು. ಒಬ್ಬರ ಎದುರಾಳಿ ಒಂದು ದೇಶದ ಸರ್ಕಾರ. ಇನ್ನೊಬ್ಬರ ಎದುರಾಳಿ ಊರಿನ ಸಾರಾಯಿ ಅಂಗಡಿ. ಒಬ್ಬರ ದನಿ ಜಗತ್ತಿಗೆ ಕೇಳಿಸಿತು. ಇನ್ನೊಬ್ಬರದು ಮೊದಲು ತಮ್ಮ ಕೇರಿಗೆ ಕೇಳಿಸಿತು. ಆದರೆ ಇಬ್ಬರೂ ತಮ್ಮ ಜನರ ಹಾಡನ್ನು ಹಾಡುತ್ತಲೇ ತಮ್ಮ ಜನರ ನೋವನ್ನು ಹೇಳಿದರು. ಹೋರಾಟದ ಹಿರಿಮೆಯನ್ನು ಎದುರಾಳಿಯ ಗಾತ್ರದಿಂದ ಅಳೆಯಬಾರದು. ಕೈಯಲ್ಲಿ ಏನೂ ಇಲ್ಲದಾಗಲೂ ಇರುವ ದನಿಯನ್ನು ಒಳಿತಿಗೆ ಬಳಸುವ ಮನಸ್ಸೇ ಅದರ ನಿಜವಾದ ಅಳತೆ.

ಹಿರಿಯ ಹಾಡುಗಾರರು ಅಗಲಿದಾಗ ಹಾಡುಗಳ ಒಂದು ಕಣಜವೇ ಬರಿದಾಗುತ್ತದೆ. ಬಡಗೇರಿಯ ಕಣಜದಿಂದ ಸ್ವಲ್ಪವಾದರೂ ಧ್ವನಿಮುದ್ರಣದಲ್ಲಿ, ಪುಸ್ತಕಗಳಲ್ಲಿ, ಕಿರಿಯರ ನಾಲಿಗೆಯಲ್ಲಿ ಉಳಿದಿದೆ. ಆದರೆ ಭಾಲ್ಕಿ, ಔರಾದಗಳ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ, ಬೀದರ ನಗರದ ಹಳೆಯ ಓಣಿಗಳಲ್ಲಿ ಹೆಸರು ತಿಳಿಯದ ಇಂತಹ ಅಜ್ಜಿಯರು ಇನ್ನೂ ಇದ್ದಾರೆ. ಅವರ ಬಾಯಲ್ಲಿರುವ ಪದಗಳನ್ನು ಕೇಳಿದವರು ಯಾರು, ಬರೆದುಕೊಂಡವರು ಯಾರು? ಅಕ್ಷರ ಕಲಿತವರಿಗೆ ಈ ಕೆಲಸ ಕಷ್ಟವಲ್ಲ. ಒಂದು ಸಂಜೆ ಅಜ್ಜಿಯ ಬಳಿ ಕುಳಿತು, ಆಕೆ ಎಳೆತನದಲ್ಲಿ ಹಾಡಿದ ಒಂದು ಪದವನ್ನು ಕೇಳಿ ಬರೆದುಕೊಂಡರೆ, ಆ ಪದಕ್ಕೆ ಇನ್ನೊಂದು ತಲೆಮಾರಿನ ಆಯುಸ್ಸು ದೊರೆತಂತೆ. ಸುಕ್ರಜ್ಜಿಗೆ ಸಲ್ಲಿಸಬಹುದಾದ ಗೌರವಗಳಲ್ಲಿ ಇದಕ್ಕಿಂತ ತಕ್ಕುದು ಬೇರೊಂದಿಲ್ಲ.

ಅಭ್ಯಾಸ

೧. ಜನಪದ ಹಾಡುಗಳು ಓದುಬರಹವಿಲ್ಲದೆಯೂ ನೆನಪಿನಲ್ಲಿ ಉಳಿಯುವುದು ಹೇಗೆ? ವಿವರಿಸಿರಿ.

೨. ಸಾರಾಯಿಯ ವ್ಯವಹಾರದಿಂದ ಯಾರಿಗೆ ಲಾಭವಾಗುತ್ತಿತ್ತು? ಯಾರಿಗೆ ನಷ್ಟವಾಗುತ್ತಿತ್ತು?

೩. ಸುಕ್ರಜ್ಜಿಯ ಮಾತಿಗೆ ಊರಿನವರು ಬೆಲೆ ಕೊಡಲು ಕಾರಣವೇನು?

೪. “ಹೋರಾಟದ ಹಿರಿಮೆಯನ್ನು ಎದುರಾಳಿಯ ಗಾತ್ರದಿಂದ ಅಳೆಯಬಾರದು.” ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.

೫. ನಿಮ್ಮ ಊರಿನ ಹಿರಿಯರಿಂದ ಒಂದು ಹಾಡನ್ನು ಕೇಳಿ ಬರೆದುಕೊಳ್ಳಿರಿ. ಅದನ್ನು ಯಾವ ಕೆಲಸದಲ್ಲಿ ಅಥವಾ ಯಾವ ಹಬ್ಬದಲ್ಲಿ ಹಾಡುತ್ತಿದ್ದರು ಎಂಬುದನ್ನೂ ತಿಳಿದು ಬರೆಯಿರಿ.